ತೊಟ್ಟಿಮನೆ ಒಳಗಿನ ಫೋಟೊ: ಬ್ರಾಕೆಟ್ ಮಾಡಿದ ಚಿತ್ರಗಳನ್ನು ಸೇರಿಸಲು ಯಾವ ಸಾಫ್ಟ್‌ವೇರ್?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ನಮ್ಮ ಸುತ್ತಮುತ್ತ ಹಳೇ ಮನೆಗಳನ್ನು ಹೋಂಸ್ಟೇ ಮಾಡಿದವರು ತುಂಬಾ ಜನ ಇದ್ದಾರೆ. ಅವರಿಗೆ ಮನೆಯ ಫೋಟೊ ತೆಗೆದುಕೊಡುತ್ತೇನೆ. ಕ್ಯಾಮೆರಾ ಕ್ಯಾನನ್ 1500ಡಿ, ಲೆನ್ಸ್ 10-18, ಜೊತೆಗೊಂದು ಗಟ್ಟಿ ಟ್ರೈಪಾಡ್. ಲ್ಯಾಪ್‌ಟಾಪ್ ಹಳೇದು. ವಿಂಡೋಸ್ ಇದೆ, ರ್‍ಯಾಮ್ 8 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ತೊಟ್ಟಿಮನೆ ಒಳಗೆ ಕ್ಯಾಮೆರಾ ಹಿಡಿದವರಿಗೆ ನನ್ನ ತೊಂದರೆ ಗೊತ್ತಿರುತ್ತದೆ. ನಡುವಿನ ಅಂಗಳಕ್ಕೆ ನೇರ ಬಿಸಿಲು ಬೀಳುತ್ತದೆ. ಸುತ್ತಲಿನ ಜಗುಲಿ ಮಬ್ಬು. ಅದರಾಚೆಯ ನಡುಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು. ಜಗುಲಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹೊಂದಿಸಿದರೆ ಅಂಗಳ ಪೂರ್ತಿ ಬಿಳಿ ಆಗಿಬಿಡುತ್ತದೆ. ಅಂಗಳಕ್ಕೆ ಹೊಂದಿಸಿದರೆ ಹಲಸಿನ ಮರದ ಕಂಬಗಳು ಬರೀ ಕಪ್ಪು ಗೀಟು. ಅದಕ್ಕೇ ಬ್ರಾಕೆಟ್ ಮಾಡಿ, ಅಂದರೆ ಒಂದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ, ಮೂರು ಮೂರು ಚಿತ್ರ ತೆಗೆಯುತ್ತೇನೆ. ತೆಗೆಯುವುದರಲ್ಲಿ ಕಷ್ಟ ಇಲ್ಲ, ಸೇರಿಸುವುದರಲ್ಲಿ ಇದೆ.

ಈಗ ಕೈಯಲ್ಲಿರುವ ಮನೆಯ ಗೋಡೆ ಮೇಲೆ ಹಸೆ ಚಿತ್ತಾರ ಇದೆ. ಕೆಮ್ಮಣ್ಣಿನ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ದಾರದಷ್ಟು ಸಣ್ಣದು. ಒಂದು ಆನ್‌ಲೈನ್ ಸಾಫ್ಟ್‌ವೇರ್‌ಗೆ ಚಿತ್ರ ಕೊಟ್ಟೆ. ಕೆಮ್ಮಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿತು. ಗೆರೆಗಳ ಸುತ್ತ ಬೂದಿ ಬಣ್ಣದ ಹೊಗೆ ಬಂತು. ಮಾಡಿನ ಅಂಚಿಗೆ, ಆಕಾಶ ಕಾಣುವ ಕಡೆ, ಬೆಳ್ಳನೆ ಪಟ್ಟಿ. ಮನೆಯ ಅಮ್ಮ ನೋಡಿ, "ಇದು ನಮ್ಮ ಗೋಡೆ ಅಲ್ಲ ಮಾರಾಯ್ತಿ" ಅಂದರು. ಆ ಗೋಡೆ ಬರೆದವರು ಅವರೇ. ಅವರಿಗೆ ಇದು ನಮ್ಮದೇ ಅನಿಸುವಂತೆ ಕೊಡಬೇಕು, ಅಷ್ಟೇ ನನ್ನ ಆಸೆ.

ಹೆಸರುಗಳನ್ನು ಓದಿದ್ದೇನೆ: ಫೋಟೊಮ್ಯಾಟಿಕ್ಸ್, ಲೈಟ್‌ರೂಮ್, ಲ್ಯೂಮಿನನ್ಸ್ ಎಚ್‌ಡಿಆರ್, ಎನ್‌ಫ್ಯೂಸ್, ನಿಕ್. ಯಾವುದು ಯಾಕೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ಒಂದು ಮಾತು: ತಿಂಗಳು ತಿಂಗಳು ಕಟ್ಟುವುದು ನನಗೆ ಕಷ್ಟ. ಜೋರು ಮಳೆ ಹಿಡಿದ ಮೇಲೆ ನನಗೆ ಕೆಲಸ ಇರುವುದಿಲ್ಲ.

ಬೆಳಕಿಂಡಿ

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹಳೇ ಮನೆ, ದೇವಸ್ಥಾನಗಳ ಒಳಭಾಗವನ್ನೇ ನಾನೂ ಹೆಚ್ಚಾಗಿ ತೆಗೆಯುವುದು. ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಫ್ಟ್‌ವೇರ್ ಹೆಸರು ಆಮೇಲೆ. ಬೇರೆ ಬೇರೆ ಎಕ್ಸ್‌ಪೋಷರಿನ ಚಿತ್ರಗಳನ್ನು ಸೇರಿಸಲು ಎರಡು ದಾರಿ ಇವೆ. ನೀವು ಯಾವ ದಾರಿ ಹಿಡಿಯುತ್ತೀರಿ ಅನ್ನುವುದರಲ್ಲೇ ಅರ್ಧ ಆಯ್ಕೆ ಮುಗಿಯುತ್ತದೆ.

ಮೊದಲನೇ ದಾರಿಯಲ್ಲಿ, ಆ ಜಾಗದಲ್ಲಿ ನಿಜವಾಗಿ ಎಷ್ಟು ಬೆಳಕಿತ್ತು ಅಂತ ಎಲ್ಲ ಚಿತ್ರಗಳಿಂದ ಲೆಕ್ಕ ಹಾಕುತ್ತಾರೆ. ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ತುಂಬಾ ಹೆಸರುವಾಸಿ. ಕೊನೆಗೆ ಸಿಗುವುದು 32 ಬಿಟ್‌ನ ಫೈಲ್. ಅದರಲ್ಲಿ ಬಿಸಿಲೂ ಇರುತ್ತದೆ, ನಾಗಂದಿಗೆಯ ಕೆಳಗಿನ ಕತ್ತಲೂ ಇರುತ್ತದೆ. ಆದರೆ ಅಷ್ಟು ವ್ಯತ್ಯಾಸವನ್ನು ನಮ್ಮ ಮಾಮೂಲಿ ಪರದೆ ತೋರಿಸಲಾರದು. ಆದ್ದರಿಂದ ಅದನ್ನು ಒತ್ತಿ ಕುಗ್ಗಿಸಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ನಿಮ್ಮ ಗೆರೆ ಸುತ್ತಲಿನ ಹೊಗೆ, ಮಾಡಿನ ಅಂಚಿನ ಬಿಳಿ ಪಟ್ಟಿ, ಕಿತ್ತಳೆ ಕೆಮ್ಮಣ್ಣು ಎಲ್ಲ ಬಂದಿರುವುದು ಬಹುಶಃ ಈ ಒತ್ತುವ ಹಂತದಲ್ಲಿ. ಪ್ರತಿಯೊಂದು ಸಣ್ಣ ಜಾಗದಲ್ಲೂ ಸುತ್ತಮುತ್ತ ನೋಡಿಕೊಂಡು ಬೆಳಕನ್ನು ಏರಿಸುವ ಇಳಿಸುವ ವಿಧಾನಗಳು ಅಂಚು ಬಂದ ಕಡೆ ಹೀಗೆ ಎಡವುತ್ತವೆ.

ಎರಡನೇ ದಾರಿ ಎಕ್ಸ್‌ಪೋಷರ್ ಫ್ಯೂಷನ್. ಮರ್ಟೆನ್ಸ್, ಕೌಟ್ಸ್, ವಾನ್ ರೀತ್ ಅನ್ನುವ ಮೂವರು 2007ರಲ್ಲಿ ಇದನ್ನು ಮುಂದಿಟ್ಟರು. ಇಲ್ಲಿ ನಿಜವಾದ ಬೆಳಕಿನ ಲೆಕ್ಕವೇ ಬೇಡ. ಪ್ರತಿ ಚಿತ್ರದ ಪ್ರತಿ ಚುಕ್ಕೆಗೂ ಮೂರು ವಿಷಯ ನೋಡುತ್ತಾರೆ: ಅದು ತೀರಾ ಕಪ್ಪೂ ಅಲ್ಲದೆ ತೀರಾ ಬಿಳಿಯೂ ಅಲ್ಲದೆ ನಡುವೆ ಇದೆಯಾ, ಬಣ್ಣ ಎಷ್ಟು ಗಾಢ ಇದೆ, ಅಲ್ಲಿ ವಿವರ ಎಷ್ಟು ಇದೆ. ಚೆನ್ನಾಗಿರುವ ಚುಕ್ಕೆಗೆ ಹೆಚ್ಚು ಪಾಲು. ಆಮೇಲೆ ಎಲ್ಲವನ್ನೂ ಹಂತ ಹಂತವಾಗಿ ಬೆರೆಸುವುದರಿಂದ ಜೋಡಿಸಿದ ಗುರುತು ಕಾಣುವುದಿಲ್ಲ. 32 ಬಿಟ್ ಇಲ್ಲ, ಟೋನ್ ಮ್ಯಾಪಿಂಗ್ ಇಲ್ಲ. ಸಿಗುವುದು ನೇರವಾಗಿ ಮಾಮೂಲಿ ಚಿತ್ರ.

ನಿಮ್ಮ ಕೆಲಸಕ್ಕೆ ಎರಡನೇ ದಾರಿಯೇ ಸರಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಹೋಂಸ್ಟೇ ಫೋಟೊ ನೋಡಿ ದುಡ್ಡು ಕಟ್ಟಿದವರು ಆ ಮನೆಗೇ ಬಂದು ನಿಲ್ಲುತ್ತಾರೆ. ಅವರು ಕಂಡದ್ದು ಮತ್ತು ನೀವು ತೋರಿಸಿದ್ದು ಒಂದೇ ಇರಬೇಕು. ನಡುಮನೆ ಅಂದರೆ ಕತ್ತಲು. ಆ ಕತ್ತಲನ್ನು ಪೂರ್ತಿ ತೆಗೆದುಬಿಟ್ಟರೆ ಅದು ಮಲೆನಾಡಿನ ಮನೆ ಆಗಿ ಉಳಿಯುವುದಿಲ್ಲ. ಕಂಬದ ಕೆತ್ತನೆ ಕಣ್ಣಿಗೆ ಸಿಗುವಷ್ಟು ಬೆಳಕು ಸಾಕು. ಮೂಲೆಯಲ್ಲಿರುವ ಪ್ರತಿ ತಾಮ್ರದ ಹಂಡೆಯೂ ಹೊಳೆಯಬೇಕಾಗಿಲ್ಲ.

ಈಗ ಸಾಫ್ಟ್‌ವೇರ್. ಎನ್‌ಫ್ಯೂಸ್ ಈ ಫ್ಯೂಷನ್ ಮಾಡುವ ಉಚಿತ ಪ್ರೋಗ್ರಾಂ. ಪನೋರಮಾ ಜೋಡಿಸುವ ಹ್ಯೂಗಿನ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ. ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವ ಅಲೈನ್ ಇಮೇಜ್ ಸ್ಟ್ಯಾಕ್ ಕೂಡ ಅದರಲ್ಲೇ ಇದೆ. ಎರಡೂ ಕಮಾಂಡ್ ಬರೆದು ನಡೆಸುವಂಥವು. ಅದು ಬೇಡ ಅನ್ನಿಸಿದರೆ ಡಿಜಿಕ್ಯಾಮ್ ಹಾಕಿಕೊಳ್ಳಿ, ಅದೂ ಉಚಿತ. ಅದರಲ್ಲಿ ಬ್ರಾಕೆಟ್ ಚಿತ್ರಗಳನ್ನು ಬೆರೆಸುವ ಒಂದು ಟೂಲ್ ಇದೆ. ಒಳಗೆ ಕೆಲಸ ಮಾಡುವುದು ಈ ಎರಡು ಪ್ರೋಗ್ರಾಂಗಳೇ. ನೀವು ಚಿತ್ರ ಆರಿಸಿ ಬಟನ್ ಒತ್ತಿದರೆ ಸಾಕು.

ಅದರಲ್ಲಿ ಎಕ್ಸ್‌ಪೋಷರ್, ಸ್ಯಾಚುರೇಷನ್, ಕಾಂಟ್ರಾಸ್ಟ್ ಅಂತ ಮೂರು ತೂಕ ಕೊಡಬಹುದು. ಎನ್‌ಫ್ಯೂಸ್‌ನಲ್ಲಿ ಮೊದಲೇ ಇರುವ ಬೆಲೆ 1, 0.2, 0. ನಿಮ್ಮ ಕೆಮ್ಮಣ್ಣಿನ ಗೋಡೆಗೆ ಸ್ಯಾಚುರೇಷನ್ ತೂಕವನ್ನು 0 ಮಾಡಿ ಒಂದು ಸಲ, 0.2 ಇಟ್ಟು ಒಂದು ಸಲ ತೆಗೆದು ಅಕ್ಕಪಕ್ಕ ಇಡಿ. ಕೆಂಪು ಬಣ್ಣ ಯಾವುದರಲ್ಲಿ ಮಣ್ಣಿನ ಹಾಗೆ ಇದೆ ಅಂತ ನೀವಲ್ಲ, ಆ ಅಮ್ಮನೇ ಹೇಳಲಿ.

ಫ್ಯೂಷನ್‌ಗೂ ಕೊರತೆ ಇದೆ. ಬೆರೆಸಿದ ಮೇಲೆ ಅದು ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಅಲ್ಲ. ವೈಟ್ ಬ್ಯಾಲೆನ್ಸ್ (ಬೆಳಕಿನ ಹಳದಿ, ನೀಲಿ ಛಾಯೆ ಸರಿಮಾಡುವುದು) ಆಮೇಲೆ ತಿದ್ದಲು ಹೋದರೆ ಬಣ್ಣ ಹಾಳಾಗುತ್ತದೆ. ಆದ್ದರಿಂದ ಮೊದಲು ರಾ ಫೈಲುಗಳನ್ನು ಕ್ಯಾನನ್‌ದೇ ಡಿಜಿಟಲ್ ಫೋಟೊ ಪ್ರೊಫೆಷನಲ್ ಅಥವಾ ರಾಥೆರಪಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಎಲ್ಲಕ್ಕೂ ಒಂದೇ ವೈಟ್ ಬ್ಯಾಲೆನ್ಸ್ ಕೊಡಿ. ತಾನಾಗಿ ಬೆಳಕು ಸರಿಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಇಲ್ಲದಿದ್ದರೆ ನೀವು ಕಷ್ಟಪಟ್ಟು ಮಾಡಿದ ವ್ಯತ್ಯಾಸವನ್ನು ಅದೇ ಅಳಿಸಿಹಾಕುತ್ತದೆ. ಕಿಟಕಿ ಅಂಚಿನ ನೇರಳೆ ಗೆರೆಯನ್ನೂ ಇಲ್ಲೇ ತೆಗೆಯಿರಿ. ಆಮೇಲೆ 16 ಬಿಟ್ ಟಿಫ್ ಮಾಡಿ. 24 ಮೆಗಾಪಿಕ್ಸೆಲ್‌ಗೆ ಒಂದೊಂದು ಟಿಫ್ ಸುಮಾರು 140 ಎಂಬಿ ಆಗುತ್ತದೆ. 8 ಜಿಬಿಯ ಲ್ಯಾಪ್‌ಟಾಪ್ ನಿಧಾನ ಮಾಡುತ್ತದೆ, ಆದರೆ ಮಾಡುತ್ತದೆ. ಆ ಹೊತ್ತಿಗೆ ಬ್ರೌಸರ್ ಮುಚ್ಚಿಡಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ 1500ಡಿ ಒಂದು ಸಲಕ್ಕೆ ಮೂರೇ ಚಿತ್ರ ಬ್ರಾಕೆಟ್ ಮಾಡುತ್ತದೆ, ಹೆಚ್ಚೆಂದರೆ ಎರಡೆರಡು ಸ್ಟಾಪ್ ಅಂತರ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು). ಬಿಸಿಲಿನ ಅಂಗಳ ಮತ್ತು ನಡುಮನೆ ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಇದು ಸಾಲದೇ ಹೋಗಬಹುದು. ಹಾಗಿದ್ದಾಗ ಎಷ್ಟು ದುಬಾರಿ ಸಾಫ್ಟ್‌ವೇರ್ ಆದರೂ ಇಲ್ಲದ ಬೆಳಕನ್ನು ತರಲಾರದು. ಮ್ಯಾನುವಲ್ ಮೋಡ್‌ನಲ್ಲಿ ಎಫ್ 8, ಐಎಸ್ಒ 100 ಇಟ್ಟು ಶಟರ್ ಮಾತ್ರ ಬದಲಿಸಿ ಎರಡು ಸೆಟ್ ತೆಗೆಯಿರಿ. ಮೊದಲ ಸೆಟ್ 1/60 ನಡುವೆ ಇಟ್ಟು: 1/250, 1/60, 1/15. ಎರಡನೇ ಸೆಟ್ 1 ಸೆಕೆಂಡ್ ನಡುವೆ ಇಟ್ಟು: 1/4, 1, 4 ಸೆಕೆಂಡ್. ಮೊದಲಿನಿಂದ ಕೊನೆಗೆ ಹತ್ತು ಸ್ಟಾಪ್ ಆಯಿತು. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಮೂರೂ ಚಿತ್ರ ತಾನಾಗಿ ಸಾಲಾಗಿ ತೆಗೆಯುತ್ತದೆ, ಕೈ ತಾಗುವುದಿಲ್ಲ. ಟ್ರೈಪಾಡ್ ಮೇಲಿದ್ದಾಗ ಲೆನ್ಸ್‌ನ ಸ್ಟೆಬಿಲೈಸರ್ ಆಫ್ ಮಾಡಿ. ಆಟೊ ಫೋಕಸ್ ಕೂಡ.

ಫೋಟೊಮ್ಯಾಟಿಕ್ಸ್ ಬಗ್ಗೆ: ಒಳ್ಳೆಯ ಸಾಫ್ಟ್‌ವೇರ್. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದು, ತಿಂಗಳ ಬಾಡಿಗೆ ಇಲ್ಲ. ಟೋನ್ ಮ್ಯಾಪಿಂಗ್ ಜೊತೆಗೆ ಫ್ಯೂಷನ್ ಕೂಡ ಅದರಲ್ಲಿದೆ. ಮುಖ್ಯವಾಗಿ ಒಂದು ಫೋಲ್ಡರಿನ ನೂರಾರು ಚಿತ್ರಗಳನ್ನು ಗುಂಪು ಗುಂಪಾಗಿ ತಾನೇ ಸೇರಿಸಿಕೊಡುತ್ತದೆ. ಟ್ರಯಲ್‌ಗೆ ದಿನದ ಮಿತಿ ಇಲ್ಲ, ಚಿತ್ರದ ಮೇಲೆ ವಾಟರ್‌ಮಾರ್ಕ್ ಹಾಕುತ್ತದೆ ಅಷ್ಟೇ. ಕೆಲಸ ಜಾಸ್ತಿಯಾಗಿ ಒಂದೊಂದೇ ಸೇರಿಸಲು ಸಮಯ ಸಾಲದು ಅನ್ನಿಸಿದ ದಿನ ಕೊಳ್ಳಿ. ಈಗಲೇ ಬೇಡ. ಲ್ಯೂಮಿನನ್ಸ್ ಎಚ್‌ಡಿಆರ್ ಉಚಿತ, ಟೋನ್ ಮ್ಯಾಪಿಂಗ್ ವಿಧಾನಗಳು ಹತ್ತಕ್ಕಿಂತ ಹೆಚ್ಚಿವೆ. ಕಲಿಯಲು ತುಂಬಾ ಚೆನ್ನ. ಆದರೆ ಅದರ ಫಟ್ಟಾಲ್, ಮಾಂಟಿಯುಕ್ ವಿಧಾನಗಳು ಗೋಡೆಯ ಪ್ರತಿ ಒರಟನ್ನೂ ಎತ್ತಿ ತೋರಿಸುತ್ತವೆ. ಹಸೆ ಚಿತ್ತಾರಕ್ಕೆ ಅದು ಬೇಡವೇ ಬೇಡ.

ಅಪಾರ್ಟ್‌ಮೆಂಟ್ ಕ್ಲಿಕ್

ಬೆಳಕಿಂಡಿ ಸರ್ ಹೇಳಿದ್ದು ಸರಿ, ಆದರೆ ಲೈಟ್‌ರೂಮ್ ಪರವಾಗಿ ಎರಡು ಮಾತು ಬೇಕು. ನಾನು ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಫ್ಲ್ಯಾಟ್‌ಗಳ ಫೋಟೊ ತೆಗೆಯುತ್ತೇನೆ. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಕೊಡಬೇಕು. ಲೈಟ್‌ರೂಮ್‌ಗೆ 2015ರಲ್ಲಿ ಬಂದ ಎಚ್‌ಡಿಆರ್ ಮರ್ಜ್, ಅಂದರೆ ಬ್ರಾಕೆಟ್ ಚಿತ್ರಗಳನ್ನು ಸೇರಿಸುವ ಸೌಲಭ್ಯ, ನನ್ನ ಕೆಲಸವನ್ನೇ ಬದಲಿಸಿತು. ಚಿತ್ರ ಆರಿಸಿ ಕಂಟ್ರೋಲ್ ಎಚ್ ಒತ್ತಿದರೆ ಮುಗಿಯಿತು. ಶಿಫ್ಟ್ ಕೂಡ ಸೇರಿಸಿ ಒತ್ತಿದರೆ ಏನೂ ಕೇಳದೆ ಹಿಂದೆಯೇ ಸೇರಿಸುತ್ತಿರುತ್ತದೆ, ನಾನು ಮುಂದಿನ ಕೋಣೆಗೆ ಹೋಗಬಹುದು.

ದೊಡ್ಡ ಅನುಕೂಲ ಏನೆಂದರೆ ಸಿಗುವುದು ಡಿಎನ್‌ಜಿ ಫೈಲ್, ರಾ ಫೈಲಿನ ಹಾಗೆಯೇ ತಿದ್ದಬಹುದಾದದ್ದು. ವೈಟ್ ಬ್ಯಾಲೆನ್ಸ್ ಆಮೇಲೂ ಬದಲಿಸಬಹುದು. ಎಕ್ಸ್‌ಪೋಷರ್ ಸ್ಲೈಡರ್ 5ರ ಬದಲು 10ರವರೆಗೆ ಹೋಗುತ್ತದೆ. ಟೋನ್ ಮ್ಯಾಪಿಂಗ್ ಅಂತ ಬೇರೆ ಹಂತವೇ ಇಲ್ಲ, ನಿಮಗೆ ಗೊತ್ತಿರುವ ಹೈಲೈಟ್, ಶ್ಯಾಡೋ ಸ್ಲೈಡರುಗಳೇ ಸಾಕು. ಕಿತ್ತಳೆ ಗೋಡೆ ಮಾಡುವುದು ಇದರಲ್ಲಿ ಕಷ್ಟ!

ತಿಂಗಳ ಬಾಡಿಗೆ ವಿಷಯ ನಿಮ್ಮ ಲೆಕ್ಕ ಸರಿ. ಕಟ್ಟುವುದು ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರ ನೋಡಬಹುದು, ಹೊರಗೆ ತೆಗೆದುಕೊಳ್ಳಬಹುದು. ಆದರೆ ತಿದ್ದುವ ಡೆವಲಪ್ ಭಾಗ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಯಾರಾದರೂ ಹಳೇ ಫೋಟೊ ತಿದ್ದಿಕೊಡಿ ಅಂದರೆ ಕೈಕಟ್ಟಿದಂತೆ.

ಹಾಸನದ ಲಿನಕ್ಸಿಗ

ಡಿಎನ್‌ಜಿ ಬೇಕು, ಬಾಡಿಗೆ ಬೇಡ ಅನ್ನುವವರಿಗೆ ಎಚ್‌ಡಿಆರ್‌ಮರ್ಜ್ ಅಂತ ಒಂದು ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ. ವಿಂಡೋಸ್‌ನಲ್ಲೂ ನಡೆಯುತ್ತದೆ. ರಾ ಫೈಲುಗಳನ್ನು ಸೇರಿಸಿ ಒಂದೇ ರಾ ಮಾಡಿಕೊಡುತ್ತದೆ. ಅದನ್ನು ರಾಥೆರಪಿ ಅಥವಾ ಡಾರ್ಕ್‌ಟೇಬಲ್‌ನಲ್ಲಿ ತೆರೆದು ತಿದ್ದಬಹುದು. ಯಾವ ಜಾಗಕ್ಕೆ ಯಾವ ಚಿತ್ರದಿಂದ ತೆಗೆದುಕೊಂಡಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಇಷ್ಟವಾಗದಿದ್ದರೆ ಬ್ರಷ್‌ನಿಂದ ಬದಲಿಸಬಹುದು. ಟ್ರೈಪಾಡ್ ಮೇಲೆ ತೆಗೆದಿದ್ದರೆ ತುಂಬಾ ಚೆನ್ನಾಗಿ ಬರುತ್ತದೆ.

ಡಾರ್ಕ್‌ಟೇಬಲ್‌ನಲ್ಲೇ ಎಚ್‌ಡಿಆರ್ ಮಾಡುವ ಆಯ್ಕೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ. ಆದರೆ ಅದು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವುದಿಲ್ಲ. ಕೂದಲಿನಷ್ಟು ಅಲುಗಿದ್ದರೂ ಕಂಬದ ಅಂಚು ಎರಡೆರಡು ಕಾಣುತ್ತದೆ.

ಬೆಳಕಿಂಡಿ

ಲಿನಕ್ಸಿಗರು ಹೊಂದಿಸುವ ಮಾತು ಎತ್ತಿದ್ದು ಒಳ್ಳೆಯದಾಯಿತು. ನಿಮ್ಮಂಥವರಿಗೆ ಮನೆಯವರೇ ಟ್ರೈಪಾಡ್ ಇಡಲು ಜಾಗ ಕೊಡುತ್ತಾರೆ. ಸೋಮನಾಥಪುರದಲ್ಲಿ ಹಾಗಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಹದಿಮೂರನೇ ಶತಮಾನದ ಆ ಕೇಶವ ದೇವಾಲಯದ ಒಳಗಿನ ಹದಿನಾರು ಭುವನೇಶ್ವರಿಗಳು (ಕೆತ್ತನೆ ಮಾಡಿದ ಒಳಛಾವಣಿಗಳು) ಒಂದರಂತೆ ಒಂದಿಲ್ಲ. ಕತ್ತೆತ್ತಿ, ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು ತೆಗೆಯಬೇಕು. ಮೂರು ಚಿತ್ರಗಳ ನಡುವೆ ಕ್ಯಾಮೆರಾ ಸರಿಯುತ್ತದೆ, ಸ್ವಲ್ಪ ತಿರುಗುತ್ತದೆ ಕೂಡ. ಅಂಥ ಕಡೆ ಹ್ಯೂಗಿನ್‌ನ ಹೊಂದಿಸುವ ಪ್ರೋಗ್ರಾಂ ನನಗೆ ತುಂಬಾ ನೆರವಾಗಿದೆ. ಅದು ಚಿತ್ರಗಳಲ್ಲಿ ಒಂದೇ ರೀತಿ ಇರುವ ಬಿಂದುಗಳನ್ನು ಹುಡುಕಿ, ತಿರುವನ್ನೂ ಸರಿಮಾಡುತ್ತದೆ. ಕಲ್ಲಿನ ಕೆತ್ತನೆಯಲ್ಲಿ ಬಿಂದುಗಳಿಗೆ ಬರವಿಲ್ಲ. ಸುಣ್ಣ ಹೊಡೆದ ಖಾಲಿ ಗೋಡೆ ಮಾತ್ರ ಇದ್ದರೆ ಅದೇ ಪ್ರೋಗ್ರಾಂ ಒದ್ದಾಡುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರು ಸಾಫ್ಟ್‌ವೇರ್ ಆರಿಸುವಾಗ ಮೊದಲು ಈ ಹೊಂದಿಸುವ ಶಕ್ತಿ ನೋಡಬೇಕು, ಬಣ್ಣ ಆಮೇಲೆ.

ತೋಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಡಿಜಿಕ್ಯಾಮ್, ಹ್ಯೂಗಿನ್ ಎರಡೂ ಹಾಕಿಕೊಂಡೆ. ಎರಡು ಸೆಟ್ ತೆಗೆದು ಬೆರೆಸಿದೆ. ಗೆರೆ ಸುತ್ತಲಿನ ಹೊಗೆ ಹೋಯಿತು! ಸ್ಯಾಚುರೇಷನ್ 0 ಇಟ್ಟದ್ದೇ ಅಮ್ಮನಿಗೆ ಇಷ್ಟವಾಯಿತು. ಜಗುಲಿಯ ಕೆಂಪು ಸಿಮೆಂಟ್ ನೆಲದಲ್ಲಿ ಅಂಗಳದ ಬೆಳಕು ಬಿದ್ದದ್ದು ಕೂಡ ಹಾಗೇ ಬಂದಿದೆ.

ಮೂರು ತೊಂದರೆ ಉಳಿದಿವೆ. ಆರೂ ಚಿತ್ರ ಹಾಕಿದರೆ ಒಟ್ಟು ಚಿತ್ರ ಸಪ್ಪೆ ಅನಿಸುತ್ತದೆ. ಅಂಗಳದಾಚೆ ಅಡಿಕೆ ಮರಗಳು ಕಾಣುತ್ತವೆ, ಗಾಳಿಗೆ ಸೋಗೆ ಅಲುಗಿ ಎರಡೆರಡು ಬಂದಿದೆ. ಮತ್ತೆ ನಡುಮನೆಯ ಎಲ್‌ಇಡಿ ಬಲ್ಬ್ ಹಾಕಿದರೆ ಅಲ್ಲಿ ಹಳದಿ, ಜಗುಲಿಯಲ್ಲಿ ನೀಲಿ. ಬೇಗ ಶಟರ್ ಇಟ್ಟ ಚಿತ್ರದಲ್ಲಿ ಅಡ್ಡ ಪಟ್ಟಿ ಬೇರೆ. ಇದಕ್ಕೆಲ್ಲ ಫೋಟೊಮ್ಯಾಟಿಕ್ಸ್ ಬೇಕಾಗುತ್ತದಾ ಸರ್?

ಅಪಾರ್ಟ್‌ಮೆಂಟ್ ಕ್ಲಿಕ್

ಬಲ್ಬ್‌ಗೆ ನಾನು ಹೇಳುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಸ್. ಕೆಲವು ಎಲ್‌ಇಡಿ ಬಲ್ಬುಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಬೇಗದ ಶಟರ್‌ಗೆ ಕಾಣುತ್ತದೆ. 1/50 ಅಥವಾ ಅದಕ್ಕಿಂತ ನಿಧಾನ ಇದ್ದರೆ ಪಟ್ಟಿ ಬರುವುದಿಲ್ಲ. ಅಂಗಳಕ್ಕೆ ತೆಗೆಯುವ ಬೇಗದ ಚಿತ್ರಗಳಲ್ಲಿ ಬಲ್ಬ್ ಆರಿಸಿಬಿಡಿ. ಆ ಚಿತ್ರಗಳಲ್ಲಿ ನಡುಮನೆ ಹೇಗೂ ಕಪ್ಪೇ ಇರುತ್ತದೆ. ಫ್ಯಾನ್ ಇದ್ದರೆ ಅದನ್ನೂ ನಿಲ್ಲಿಸಿ.

ಬೆಳಕಿಂಡಿ

ಬಲ್ಬನ್ನು ಪೂರ್ತಿ ಆರಿಸಿಯೇ ತೆಗೆಯಿರಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಬಳಿ 4 ಸೆಕೆಂಡಿನ ಚಿತ್ರ ಇದೆ, ಬಾಗಿಲಿನಿಂದ ಬರುವ ಬೆಳಕೇ ನಡುಮನೆಗೆ ಸಾಕು. ಹಳದಿ ನೀಲಿ ಜಗಳವೂ ಇರುವುದಿಲ್ಲ. ದೇವರ ಮುಂದಿನ ದೀಪ ಮಾತ್ರ ಉರಿಯಲಿ, ಅದರ ಹಳದಿ ಯಾರಿಗೂ ತಪ್ಪು ಅನಿಸದು. ಆದರೆ ಬೆಂಕಿ ಕುಡಿ ಅಲುಗುವುದರಿಂದ ಅದನ್ನೂ ಸೋಗೆಯ ಹಾಗೆಯೇ ನೋಡಿಕೊಳ್ಳಬೇಕು. ಅದನ್ನು ಕೆಳಗೆ ಹೇಳುತ್ತೇನೆ.

ಸಪ್ಪೆ ಬರುವುದಕ್ಕೆ ಕಾರಣ: ಫ್ಯೂಷನ್‌ನಲ್ಲಿ ನೀವು ಕೊಟ್ಟ ಪ್ರತಿ ಚಿತ್ರಕ್ಕೂ ಸ್ವಲ್ಪವಾದರೂ ಪಾಲಿದೆ. ಬೇಡದ ಚಿತ್ರ ಕೊಟ್ಟರೆ ಅದೂ ಬಂದು ಕೂರುತ್ತದೆ. ಆರರಲ್ಲಿ ಆರಿಸಿ. ಅಂಗಳ ಚೆನ್ನಾಗಿರುವ ಒಂದು, ಜಗುಲಿ ಚೆನ್ನಾಗಿರುವ ಒಂದು ಅಥವಾ ಎರಡು, ಕಂಬದ ನೆರಳು ಬದಿ ಕಾಣುವ ಒಂದು. 4 ಸೆಕೆಂಡಿನದನ್ನು ಬಿಟ್ಟು ನೋಡಿ, ಹಾಕಿ ನೋಡಿ. ಡಿಜಿಕ್ಯಾಮ್‌ನಲ್ಲಿ ಚಿತ್ರದ ಪಕ್ಕದ ಗುರುತು ತೆಗೆದು ಮತ್ತೆ ಪ್ರಿವ್ಯೂ ಒತ್ತಿದರೆ ಗೊತ್ತಾಗುತ್ತದೆ. ಕೊನೆಗೆ ಸ್ವಲ್ಪ ಕಾಂಟ್ರಾಸ್ಟ್ ಏರಿಸಲೇಬೇಕು. ಫ್ಯೂಷನ್ ಆದ ಚಿತ್ರಕ್ಕೆ ಅದು ಯಾವಾಗಲೂ ಬೇಕಾಗುತ್ತದೆ. ಕರ್ವ್ಸ್‌ನಲ್ಲಿ ಕೆಳತುದಿಯನ್ನು ಒಂದಿಷ್ಟು ಒತ್ತಿ, ಕಪ್ಪು ಕಪ್ಪಾಗಲಿ.

ಸೋಗೆಗೆ ಫೋಟೊಮ್ಯಾಟಿಕ್ಸ್‌ನಲ್ಲಿ ಒಳ್ಳೆಯ ಉಪಾಯ ಇದೆ ನಿಜ. ಅಲುಗಿದ ಜಾಗದ ಸುತ್ತ ಗೆರೆ ಎಳೆದು, ಇಲ್ಲಿಗೆ ಈ ಒಂದೇ ಚಿತ್ರ ಸಾಕು ಅಂತ ಹೇಳಬಹುದು. ಆದರೆ ಜಿಂಪ್ ಅನ್ನುವ ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್‌ನಲ್ಲೂ ಅದೇ ಕೆಲಸ ಆಗುತ್ತದೆ. ಹೊಂದಿಸುವಾಗ ಅಂಚು ಸ್ವಲ್ಪ ಕತ್ತರಿಸಿರಬಹುದು, ಆದ್ದರಿಂದ ಮೂಲ ಟಿಫ್ ಬೇಡ, ಹೊಂದಿಸಿದ ಮೇಲಿನ ಚಿತ್ರಗಳನ್ನೇ ಬಳಸಿ. ಬೆರೆಸಿದ ಚಿತ್ರ ಕೆಳಗೆ, ಮರಗಳು ಸರಿಯಾಗಿ ಕಾಣುವ ಒಂದೇ ಚಿತ್ರ ಮೇಲೆ ಇಡಿ. ಮೇಲಿನದಕ್ಕೆ ಕಪ್ಪು ಲೇಯರ್ ಮಾಸ್ಕ್ (ಮೇಲಿನ ಚಿತ್ರವನ್ನು ಮರೆಮಾಡುವ ಮುಸುಕು) ಹಾಕಿ, ಸೋಗೆ ಇರುವ ಕಡೆ ಮಾತ್ರ ಮೆತ್ತನೆ ಬ್ರಷ್‌ನಿಂದ ಬಿಳಿ ಬಳಿಯಿರಿ. ದೀಪದ ಕುಡಿಗೂ ಹೀಗೇ, ಅದಕ್ಕೆ ಬೇಗದ ಶಟರ್‌ನ ಚಿತ್ರ ತೆಗೆದುಕೊಳ್ಳಿ.

ಮರ ಮತ್ತು ಮಾಡಿನ ಅಂಚು ಸೇರುವ ಕಡೆ ಅವಸರ ಮಾಡಬೇಡಿ. ಹೆಂಚಿನ ಅಂಚನ್ನು ನೂರು ಪರ್ಸೆಂಟ್ ದೊಡ್ಡದು ಮಾಡಿಕೊಂಡು, ಸಣ್ಣ ಬ್ರಷ್‌ನಲ್ಲಿ ಹೋಗಿ. ಮುಗಿದ ಚಿತ್ರವನ್ನು ಜಿಂಪ್‌ನಿಂದ ಹೊರಗೆ ತೆಗೆಯುವಾಗ ಎಸ್‌ಆರ್‌ಜಿಬಿ ಪ್ರೊಫೈಲ್ (ವೆಬ್‌ಸೈಟ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಅಳತೆ) ಇಡಿ, ಬುಕಿಂಗ್ ಸೈಟ್‌ಗೆ ಹಾಕಿದ ಮೇಲೂ ಕೆಮ್ಮಣ್ಣು ಕೆಮ್ಮಣ್ಣಾಗಿಯೇ ಕಾಣಬೇಕಲ್ವಾ. ಅದಕ್ಕೆ ಮೊದಲು ಒಮ್ಮೆ ನಿಮ್ಮ ಫೋನಿನಲ್ಲೂ ತೆರೆದು ನೋಡಿ, ಅತಿಥಿಗಳು ನೋಡುವುದು ಹೆಚ್ಚಾಗಿ ಅದರಲ್ಲೇ.